ಪಟ್ಟಿಯಪ್ಪನವರ ಪ್ರವಾಸ ಕಾರ್ಯಕ್ರಮ

ಪಟ್ಟಿಯಪ್ಪನವರು ಪಟ್ಟಿ ಮಾಡದೆ ಸೀನುವುದೂ ಇಲ್ಲ ಎಂದು ಅವರ ಕಚೇರಿಯಲ್ಲಿ ಹೇಳುತ್ತಿದ್ದರು. ಇದು ಅತಿಶಯೋಕ್ತಿ. ಸೀನು ಬಂದಾಗ ಅವರೂ ಎಲ್ಲರಂತೆ ಸೀನುತ್ತಿದ್ದರು. ಟಿಪ್ಪಣಿ ಆಮೇಲೆ ಬರೆಯುತ್ತಿದ್ದರು.

ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತರಾಗಿ ಕೂತು, ಸಾಹೇಬರ ತಪಾಸಣೆ ಪ್ರವಾಸಗಳ ಪಟ್ಟಿಯನ್ನೇ ಬರೆದ ಮನುಷ್ಯನಿಗೆ ಬೇರೆ ಹೆಸರು ಉಳಿಯುವುದು ಕಷ್ಟ. ಯಾವ ದಿನ, ಎಷ್ಟು ಗಂಟೆಗೆ, ಯಾವ ಊರಿನ ಯಾವ ಅಂಗಡಿಯ ತಕ್ಕಡಿಯನ್ನು ಸಾಹೇಬರು ನೋಡಬೇಕು ಎಂಬುದೆಲ್ಲ ಇವರ ಮೇಜಿನಿಂದ ಹೊರಡುತ್ತಿತ್ತು. ತಕ್ಕಡಿಯನ್ನು ಮಾತ್ರ ಇವರು ಒಮ್ಮೆಯೂ ಮುಟ್ಟಿದವರಲ್ಲ. ಅದು ಬೇರೆ ವಿಭಾಗ.

ಅವರ ಭಾಮೈದ ಗ್ಯಾರೇಜು ಇಟ್ಟಿದ್ದ. ಅವನ ಹತ್ತಿರ ರಿಪೇರಿಗೆ ಒಂದು ಕ್ಯಾರವಾನ್ ಬಂತು. ಹಾಸಿಗೆ, ಕಪಾಟು, ಪಾಯಿಖಾನೆ ಎಲ್ಲ ಹೊಟ್ಟೆಯೊಳಗೇ ಇಟ್ಟುಕೊಂಡ, ಬಸ್ಸಿಗಿಂತ ಸ್ವಲ್ಪ ಚಿಕ್ಕದಾದ, ಸೋಮಾರಿ ಎಮ್ಮೆಯಂಥ ಗಾಡಿ. ಎಂಜಿನ್ ಬಿಚ್ಚಿ ಕಟ್ಟಿದ ಮೇಲೆ ಗಾಡಿಯ ಒಡೆಯ, "ಎರಡು ಸಾವಿರ ಕಿಲೋಮೀಟರ್ ಓಡಿಸಿ ಪಳಗಿಸಿ ಕೊಡಪ್ಪ, ನನಗೆ ಪುರಸೊತ್ತಿಲ್ಲ" ಎಂದ. ಭಾಮೈದ ನೇರವಾಗಿ ಅಕ್ಕನ ಮನೆಗೆ ಬಂದ.

"ಅಕ್ಕಾ, ಒಂಬತ್ತು ದಿನ ಟೂರು. ನೀನು, ಭಾವ, ಅಮ್ಮ. ನಾನು ಡ್ರೈವರ್ರು."

ಅಕ್ಕ ಚಪ್ಪಲಿ ಮೆಟ್ಟಿ ಬೀದಿಗೆ ಬಂದು ಗಾಡಿ ಹತ್ತಿದಳು. ಕಿಟಕಿ ನೋಡಿದಳು, ಮೆತ್ತೆ ಒತ್ತಿ ನೋಡಿದಳು. ಆಮೇಲೆ ಒಂದು ಬಾಗಿಲು ತೆಗೆದಳು. ಒಳಗೆ ಎರಡು ಬರ್ನರಿನ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಒಂದು ದೊಡ್ಡ ಪಾತ್ರೆ, ಒಂದು ಸೌಟು. ಸೌಟು ಅವಳನ್ನೇ ಕಾಯುತ್ತಿರುವಂತೆ ತೂಗಾಡುತ್ತಿತ್ತು.

"ಮನೆ ಬಿಟ್ಟು ಹೋಗೋಣ ಅಂದ್ರೆ ಮನೇನೇ ಜೊತೆಗೆ ತಂದಿದ್ದೀಯಲ್ಲೋ" ಎಂದು ಕೆಳಗಿಳಿದಳು. "ನಾನು ಬರಲ್ಲ. ಇಪ್ಪತ್ತೆರಡು ವರ್ಷದಿಂದ ನಿಂತಲ್ಲೇ ಬೇಯಿಸ್ತಿದ್ದೀನಿ. ಇನ್ನು ಓಡ್ತಾ ಓಡ್ತಾ ಬೇಯಿಸ್ಬೇಕಾ?"

ಪಟ್ಟಿಯಪ್ಪನವರು ಎದೆಯುಬ್ಬಿಸಿದರು. ಎದುರು ಮನೆಯ ಮೇಷ್ಟ್ರೂ ಬೀದಿಯ ಇನ್ನಿಬ್ಬರೂ ಗಾಡಿ ನೋಡಲು ನಿಂತಿದ್ದರು. ಕೇಳುವವರಿದ್ದಾಗ ಮನುಷ್ಯ ಕೊಡುವ ಮಾತು ಸ್ವಲ್ಪ ಉದ್ದವಾಗುತ್ತದೆ.

"ಲೇ, ಒಂಬತ್ತು ದಿನ ನೀನು ಆ ಒಲೆ ಹಚ್ಚೋದಿಲ್ಲ. ಇದು ನನ್ನ ಜವಾಬ್ದಾರಿ. ಇಪ್ಪತ್ತೇಳು ಹೊತ್ತಿನ ಊಟ ತಿಂಡಿ, ಇಪ್ಪತ್ತೇಳು ಹೋಟೆಲು. ಗಾಡಿ ನಿಲ್ಲೋದ್ರೊಳಗೆ ಎಲೆ ಹಾಕಿರಬೇಕು, ಹಂಗೆ ಪ್ಲಾನ್ ಮಾಡ್ತೀನಿ."

"ಒಂದು ಹೊತ್ತು ತಪ್ಪಿ ನಾನು ಒಲೆ ಹಚ್ಚೋ ಹಾಗಾದ್ರೆ?"

"ಆದ್ರೆ ತಾನೇ!"

"ಆದ್ರೆ ಅಲ್ಲೇ ಇಳಿದು ಬಸ್ ಹತ್ತಿ ನಮ್ಮಕ್ಕನ ಮನೆಗೆ ಹೋಗ್ತೀನಿ. ಒಂದು ತಿಂಗಳು ಬರಲ್ಲ. ನೀವುಂಟು, ನಿಮ್ಮ ಅಡುಗೆಮನೆ ಉಂಟು. ಮೇಷ್ಟ್ರೇ, ಕೇಳಿಸ್ಕೊಂಡ್ರಲ್ಲ?"

"ಕೇಳಿಸ್ಕೊಂಡೆ ತಾಯಿ" ಎಂದರು ಮೇಷ್ಟ್ರು, ಸಂತೋಷದಿಂದ.

ಹಾಲು ಉಕ್ಕುವುದನ್ನೂ ಹೆಂಡತಿಯನ್ನು ಕೂಗಿ ತಿಳಿಸುವ ಮನುಷ್ಯನಿಗೆ ಒಂದು ತಿಂಗಳೆಂದರೆ ಏನೆಂದು ಬೀದಿಗೆಲ್ಲ ಗೊತ್ತಿತ್ತು. ಪಟ್ಟಿಯಪ್ಪನವರಿಗೂ ಗೊತ್ತಿತ್ತು. ಆದರೆ ಅವರಿಗೆ ತಮ್ಮ ಪಟ್ಟಿಯ ಮೇಲೆ ನಂಬಿಕೆ ಇತ್ತು.

ದಾರಿಯ ಹೋಟೆಲುಗಳನ್ನು ಅವರು ಹುಡುಕಬೇಕಾಗಿರಲಿಲ್ಲ. ಇಪ್ಪತ್ತಾರು ವರ್ಷ ತಪಾಸಣೆ ಪಟ್ಟಿಯಲ್ಲಿ ಬರೆದು ಬರೆದು ಹೆದ್ದಾರಿಯ ಪ್ರತಿಯೊಂದು ಹೋಟೆಲಿನ ವಿಳಾಸ ಬಾಯಿಪಾಠವಾಗಿತ್ತು. ಎಲ್ಲರಿಗೂ ಮುಂಚಿತವಾಗಿ ಪತ್ರ ಬರೆಯಬೇಕೆಂದು ಕೂತರು. ಅವರಿಗೆ ಪತ್ರ ಬರೆಯಲು ಬರುತ್ತಿದ್ದುದು ಒಂದೇ ರೀತಿ. ಮದುವೆಗೆ ಮುಂಚೆ ಹೆಂಡತಿಗೆ ಬರೆದ ಏಕೈಕ ಕಾಗದವೂ "ಉಲ್ಲೇಖ: ತಮ್ಮ ತಂದೆಯವರ ಪತ್ರ" ಎಂದೇ ಶುರುವಾಗಿತ್ತು. ಈಗ ಹೀಗೆ ಬರೆದರು:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕೆಳಕಂಡ ದಿನಾಂಕ ಮತ್ತು ವೇಳೆಗೆ ನಾಲ್ಕು ಜನರ ತಂಡವು ತಮ್ಮಲ್ಲಿಗೆ ಆಗಮಿಸಲಿದೆ. ಅಗತ್ಯ ವ್ಯವಸ್ಥೆ ಮಾಡಿಕೊಂಡು ಸಹಕರಿಸುವುದು. ಪ್ರಮಾಣದಲ್ಲಿ ಕೊರತೆ ಕಂಡುಬಂದಲ್ಲಿ ಗಂಭೀರವಾಗಿ ಪರಿಗಣಿಸಲಾಗುವುದು."

ಕೊನೆಯ ವಾಕ್ಯದ ಉದ್ದೇಶ ಒಳ್ಳೆಯದೇ. ಭಾಮೈದ ಜಾಸ್ತಿ ಉಣ್ಣುತ್ತಿದ್ದ. ಅವನಿಗೆ ಕಡಿಮೆ ಬೀಳಬಾರದು. ಕೆಳಗೆ ಸಹಿ ಹಾಕಿದರು. ಇಪ್ಪತ್ತಾರು ವರ್ಷ ಸಹಿಯ ಜೊತೆ ಓಡಿ ಅಭ್ಯಾಸವಾದ ಕೈ ನಿಲ್ಲದೆ ಮುಂದಕ್ಕೆ ಹೋಗಿ "ತೂಕ ಮತ್ತು ಅಳತೆ ಇಲಾಖೆ" ಎಂದೂ ಬರೆಯಿತು. ಅಷ್ಟಕ್ಕೂ ನಿಲ್ಲದೆ, "ಪ್ರತಿ: ಮುಂದಿನ ಹೋಟೆಲಿನವರಿಗೆ, ಸ್ಥಳೀಯ ನಿರೀಕ್ಷಕರಿಗೆ ಮಾಹಿತಿಗಾಗಿ" ಎಂದೂ ಸೇರಿಸಿತು. ಕೈಗೆ ತಪ್ಪು ಹೊರಿಸುವಂತಿಲ್ಲ. ಅದು ಸರ್ಕಾರಿ ಕೈ.

ಮೇಷ್ಟ್ರು ಒಂದು ಪ್ರತಿ ಓದಿ ಕನ್ನಡಕ ತೆಗೆದರು. "ಓದ್ತಾ ಇದ್ರೆ ನನಗೇ ಎದೆ ಢವಗುಟ್ಟುತ್ತಲ್ಲರೀ."

"ಹಂಗಿರಬೇಕು ಮೇಷ್ಟ್ರೇ. ಬರವಣಿಗೆ ಅಂದ್ರೆ ಮನಸ್ಸಿಗೆ ನಾಟಬೇಕು" ಎಂದರು ಪಟ್ಟಿಯಪ್ಪನವರು, ಅಂಟು ಹಚ್ಚುತ್ತ.

ಹೊರಡುವ ದಿನ ಗಾಡಿಗೆ ಒಂದು ಹಿಡಿ ಅಕ್ಕಿಯನ್ನೂ ಹತ್ತಿಸಲಿಲ್ಲ. ಅತ್ತೆಯವರು ಅವಲಕ್ಕಿಯ ಗಂಟೊಂದನ್ನು ತಂದಿದ್ದರು. ಅದು ಯೋಜನೆಗೆ ಅವಮಾನವೆಂದು ಅಳಿಯ ವಾಪಸು ಇಡಿಸಿದರು. ಅತ್ತೆಯವರು ಅಳಿಯನೊಂದಿಗೆ ನೇರವಾಗಿ ಮಾತಾಡುವವರಲ್ಲ. ಇಪ್ಪತ್ತೈದು ಅಡಿಯ ಗಾಡಿಯೊಳಗೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಿದ್ದರೂ, "ನಿನ್ನ ಗಂಡನಿಗೆ ಹೇಳು, ವಯಸ್ಸಾದೋರಿಗೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಬೇಕು ಅಂತ" ಎಂದರು.

"ಹನ್ನೆರಡು ನಲವತ್ತಕ್ಕೆ ಬೀಳುತ್ತೆ ಅಂತ ನಿಮ್ಮಮ್ಮನಿಗೆ ಹೇಳು" ಎಂದರು ಅಳಿಯ.

ಹನ್ನೆರಡು ಮೂವತ್ತೆಂಟಕ್ಕೆ ಗಾಡಿ ಮೊದಲ ಹೋಟೆಲಿನ ಮುಂದೆ ನಿಂತಿತು. ಬಾಗಿಲು ಮುಚ್ಚಿತ್ತು. "ಅನಿವಾರ್ಯ ಕಾರಣಗಳಿಂದ ಇಂದು ರಜೆ" ಎಂಬ ಹಲಗೆ ನೇತಾಡುತ್ತಿತ್ತು. ಅನಿವಾರ್ಯ ಕಾರಣ ಏನೇ ಇರಲಿ, ಹಿಂಭಾಗದ ಚಿಮಣಿಯಿಂದ ಹೊಗೆ ಬರುತ್ತಿತ್ತು. ಒಗ್ಗರಣೆಯ ವಾಸನೆ ರಸ್ತೆಯ ತನಕ ಬಂದು ನಾಲ್ವರ ಮೂಗನ್ನೂ ವಿಚಾರಿಸಿಕೊಂಡು ಹೋಗುತ್ತಿತ್ತು. ಭಾಮೈದ ಬಾಗಿಲು ಬಡಿದ. ಹೊಗೆ ನಿಂತಿತು.

"ಒಳಗೆ ಯಾರೋ ಇದ್ದಾರೆ ಭಾವ. ಉಸಿರು ಬಿಗಿ ಹಿಡ್ಕೊಂಡಿದ್ದಾರೆ."

"ಯಾರಿಗೋ ಮೈಗೆ ಹುಷಾರಿಲ್ಲ ಅನ್ಸುತ್ತೆ" ಎಂದರು ಪಟ್ಟಿಯಪ್ಪನವರು. "ಯೋಜನೆಯಲ್ಲಿ ಇದಕ್ಕೆಲ್ಲ ಅವಕಾಶ ಇದೆ. ಮಧ್ಯಾಹ್ನದ್ದನ್ನ ಸಂಜೆಗೆ ವಿಲೀನ ಮಾಡೋಣ."

ಸಂಜೆಯ ಊರಿನಲ್ಲಿ ಹೋಟೆಲು ಮಾತ್ರವಲ್ಲ, ಇಡೀ ಸಾಲೇ ಮುಚ್ಚಿತ್ತು. ಕಿರಾಣಿ ಅಂಗಡಿ, ಬೇಕರಿ, ಕಬ್ಬಿಣದ ಅಂಗಡಿ. ಗಾಡಿಯ ಮೂತಿ ತಿರುವಿನಲ್ಲಿ ಕಾಣುತ್ತಿದ್ದಂತೆ ಹಣ್ಣಿನವನೊಬ್ಬ ತಕ್ಕಡಿಯನ್ನು ಕಂಕುಳಲ್ಲಿ ಇರುಕಿಕೊಂಡು, ಹಣ್ಣಿನ ಗಾಡಿಯನ್ನು ಅಲ್ಲೇ ಬಿಟ್ಟು ಓಡಿದ. ಪಟ್ಟಿಯಪ್ಪನವರು "ರೀ! ಒಂದು ಡಜನ್ ಬಾಳೆಹಣ್ಣು!" ಎಂದು ಕೂಗಿದಷ್ಟೂ ಅವನ ಓಟ ಜೋರಾಯಿತು.

"ನಿನ್ನ ಗಂಡನ ಮುಖ ನೋಡಿ ಜನ ಓಡೋದು ನಾನು ಮೊದಲೇ ಕಂಡಿದ್ದೆ" ಎಂದರು ಅತ್ತೆ. "ಹುಡುಗನ್ನ ನೋಡೋಕೆ ಹೋದಾಗ್ಲೇ ನಿಮ್ಮಪ್ಪನಿಗೆ ಹೇಳಿದ್ದೆ."

ಆ ದಿನದ ಊಟ ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಎರಡು ಪೊಟ್ಟಣ ಬಿಸ್ಕತ್ತು. ಹೆಂಡತಿ ಒಲೆಯ ಕಡೆ ನೋಡಲೇ ಇಲ್ಲ. ಬಂಕಿನವನನ್ನು ಮಾತ್ರ, "ಇಲ್ಲಿ ಬಸ್ ಸ್ಟ್ಯಾಂಡ್ ಎಷ್ಟು ದೂರಪ್ಪಾ?" ಎಂದು ವಿಚಾರಿಸಿಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಎಂಟು ಗಂಟೆಯ ಹೋಟೆಲು ತೆರೆದಿತ್ತು! ಬಾಗಿಲಲ್ಲೇ ಮಾಲೀಕ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೈಮುಗಿದು ನಿಂತಿದ್ದ. ಪಟ್ಟಿಯಪ್ಪನವರು ಹೆಂಡತಿಯ ಕಡೆ ತಿರುಗಿ, 'ನೋಡಿದೆಯಾ' ಎನ್ನುವಂತೆ ಹುಬ್ಬು ಹಾರಿಸಿದರು.

"ಬರಬೇಕು ಸಾರ್. ಎಲ್ಲ ರೆಡಿ ಇದೆ."

ನಾಲ್ವರೂ ಮೇಜಿನ ಕಡೆ ಹೊರಟರು. ಮಾಲೀಕ ಅವರನ್ನು ಉಗ್ರಾಣಕ್ಕೆ ಕರೆದೊಯ್ದ. ಅಲ್ಲಿ ಬಿಳಿ ಬಟ್ಟೆಯ ಮೇಲೆ ಮೂರು ತಕ್ಕಡಿ, ಒಂದು ಎಲೆಕ್ಟ್ರಾನಿಕ್ ಮೆಷಿನ್, ಹುಣಸೆಹಣ್ಣು ಹಾಕಿ ತಿಕ್ಕಿದ ಹದಿನಾಲ್ಕು ತೂಕದ ಬಟ್ಟುಗಳು ಸಾಲಾಗಿ ಹೊಳೆಯುತ್ತಿದ್ದವು.

"ಒಂದೊಂದಾಗಿ ನೋಡಿಬಿಡಿ ಸಾರ್."

ಬೆಳಗಿನ ತಿಂಡಿಗೆ ಮುಂಚೆ ಇಂಥ ವಾಡಿಕೆಯೂ ಇರಬಹುದು ಎಂದುಕೊಂಡ ಪಟ್ಟಿಯಪ್ಪನವರು ಜೀವಮಾನದಲ್ಲಿ ಮೊದಲ ಸಲ ಒಂದು ಬಟ್ಟನ್ನು ಕೈಗೆತ್ತಿಕೊಂಡರು. ಅದು ಅವರು ಅಂದುಕೊಂಡದ್ದಕ್ಕಿಂತ ಭಾರವಿತ್ತು. ತಿರುಗಿಸಿದರು. ಬೆಳಕಿಗೆ ಹಿಡಿದರು. ಮತ್ತೇನು ಮಾಡಬೇಕೆಂದು ತೋಚದೆ ಮೂಸಿದರು.

"ಸರಿ ಇದೆಯಾ ಸಾರ್?"

"ಹ್ಞೂ... ತೂಕ ಇದೆ" ಎಂದರು ಗಂಭೀರವಾಗಿ. "ಇನ್ನು ತಿಂಡಿ..."

ಮಾಲೀಕ ಮೆಲ್ಲಗೆ ನಕ್ಕ. "ಸಾರ್, ನಾನು ಹದಿನೆಂಟು ವರ್ಷದಿಂದ ಹೋಟೆಲು ನಡೆಸ್ತಿದ್ದೀನಿ. ಒಂದು ಗ್ರಾಂ ಹೆಚ್ಚುಕಮ್ಮಿ ಮಾಡಿಲ್ಲ. ತಪಾಸಣೆಗೆ ಬಂದೋರಿಗೆ ಒಂದು ಲೋಟ ಕಾಫಿ ಕೊಟ್ಟೋನೂ ಅಲ್ಲ. ಆಮೇಲೆ ತಿನ್ನಿಸಿ ಒಲಿಸ್ಕೊಂಡ ಅಂತಾರೆ."

"ದುಡ್ಡು ಕೊಡ್ತೀವಪ್ಪ! ನಾವು ಗಿರಾಕಿಗಳು!"

"ಹಿಂಗೆ ಕೇಳಿ ಪರೀಕ್ಷೆ ಮಾಡ್ತೀರ ಅಂತಾನೂ ಗೊತ್ತು ಸಾರ್. ನಾನು ಬೀಳೋನಲ್ಲ."

"ಅಯ್ಯೋ, ನಿನ್ನೆ ಮಧ್ಯಾಹ್ನದಿಂದ ಬಿಸ್ಕತ್ತಿನ ಮೇಲಿದ್ದೀವಿ ಕಣಯ್ಯಾ!" ಎಂದು ಭಾಮೈದ ಅಡುಗೆಮನೆಯ ಕಡೆ ಒಂದು ಹೆಜ್ಜೆ ಇಟ್ಟ. ಮಾಲೀಕ ಬಾಗಿಲಿಗೆ ಅಡ್ಡ ನಿಂತ. ಅವನ ಕಣ್ಣಲ್ಲಿ ನೀರಿತ್ತು. ಪ್ರಾಮಾಣಿಕತೆ ಎಂಥ ಕಠಿಣ ವಸ್ತುವೆಂದು ಹಸಿದವರಿಗೆ ಮಾತ್ರ ತಿಳಿಯುತ್ತದೆ.

"ತಪಾಸಣೆ ಅಂತ ನಿಮಗ್ಯಾರು ಹೇಳಿದ್ದು?" ಎಂದಳು ಹೆಂಡತಿ.

ಮಾಲೀಕ ಜೇಬಿನಿಂದ ಪತ್ರ ತೆಗೆದುಕೊಟ್ಟ. "ಈ ಸಹಿ ನಾನು ಇವತ್ತು ನಿನ್ನೆ ನೋಡ್ತಿಲ್ಲಮ್ಮ. ಇದು ಬಂತು ಅಂದ್ರೆ ಹಿಂದೇನೇ ಸಾಹೇಬರು ಬಂದ್ರು ಅಂತಾನೇ ಲೆಕ್ಕ."

ಅವಳು ನಿಧಾನವಾಗಿ, ಸಹಿಯ ಕೆಳಗಿನ ಸಾಲಿನವರೆಗೆ ಗಟ್ಟಿಯಾಗಿ ಓದಿದಳು. ಪತ್ರವನ್ನು ನಾಲ್ಕು ಮಡಿಕೆ ಮಾಡಿ ಗಂಡನ ಜೇಬಿಗೆ ತುರುಕಿದಳು.

"ಊಟಕ್ಕೆ ಬರ್ತೀವಿ ಅನ್ನೋದನ್ನ ಊಟಕ್ಕೆ ಬರ್ತೀವಿ ಅಂತ ಬರೆಯೋಕೆ ಏನಾಗಿತ್ತು ನಿಮಗೆ?"

"ಅದು... ಆ ನಮೂನೆ ಇಲ್ಲ" ಎಂದರು ಪಟ್ಟಿಯಪ್ಪನವರು.

ಆದರೆ ಅವರು ಎದೆಗುಂದುವ ಜಾತಿಯವರಲ್ಲ. ಒಂದು ಪತ್ರ ಮಾಡಿದ್ದನ್ನು ಇನ್ನೊಂದು ಪತ್ರ ಸರಿಮಾಡುತ್ತದೆ ಎಂಬುದು ಕಚೇರಿಯ ಅನುಭವ. ಅಲ್ಲೇ ಕೂತು "ಈ ಹಿಂದೆ ತಿಳಿಸಲಾದ ತಂಡದ ಭೇಟಿಯನ್ನು ಸಂಪೂರ್ಣವಾಗಿ ರದ್ದುಪಡಿಸಲಾಗಿದೆ. ತಾವು ಎಂದಿನಂತೆ ವ್ಯವಹಾರ ನಡೆಸಬಹುದು" ಎಂದು ಬರೆದು, ಪದನಾಮವಿಲ್ಲದೆ ಸಹಿ ಹಾಕಲು ಎರಡು ನಿಮಿಷ ಕೈಯೊಂದಿಗೆ ಗುದ್ದಾಡಿ, ಸೋತು, ಮಾಲೀಕನ ಕೈಗಿತ್ತರು. ಅವನು ಫೋಟೋ ತೆಗೆದು ಹೆದ್ದಾರಿ ಹೋಟೆಲು ಮಾಲೀಕರ ಗುಂಪಿಗೆ ಫೋನಿನಲ್ಲಿ ಕಳಿಸಿದ. ಕ್ಷಣಾರ್ಧದಲ್ಲಿ ಮೂವತ್ತು ಉತ್ತರ ಬಂದವು. ಮಾಲೀಕ ಒಂದನ್ನು ಓದಿ ಹೇಳಿದ: "ರದ್ದು ಅಂದ್ರೆ ದಿಢೀರ್ ದಾಳಿ. ಎಲ್ಲರೂ ಬಾಗಿಲು ಹಾಕ್ಕೊಳ್ಳಿ."

ಅಂದು ಮಧ್ಯಾಹ್ನದ ಹೊತ್ತಿಗೆ ಹೆದ್ದಾರಿಯ ಅರವತ್ತು ಕಿಲೋಮೀಟರಿನಲ್ಲಿ ಒಂದು ಚಹದ ಒಲೆಯೂ ಉರಿಯುತ್ತಿರಲಿಲ್ಲ. ಲಾರಿಯವರು ಬರಿಹೊಟ್ಟೆಯಲ್ಲಿ ಯಾರನ್ನೋ ಬೈದುಕೊಂಡು ಹೋಗುತ್ತಿದ್ದರು. ಪಟ್ಟಿಯಪ್ಪನವರು ಕಿಟಕಿಯ ಪರದೆ ಎಳೆದುಕೊಂಡರು.

"ಮುಂದಿನ ಊರಲ್ಲಿ ನಮ್ಮ ಇಲಾಖೆಯ ನಿರೀಕ್ಷಕರ ಕಚೇರಿ ಇದೆ. ನಮ್ಮೋರೇ. ಒಂದು ಮಾತು ಹೇಳಿದ್ರೆ ಇಡೀ ಬಜಾರು ತೆಗೆಸ್ತಾರೆ" ಎಂದರು.

ನಿರೀಕ್ಷಕರ ಕಚೇರಿಗೆ ಬೀಗ ಬಿದ್ದಿತ್ತು. 'ಕ್ಷೇತ್ರ ಭೇಟಿಗೆ ತೆರಳಿದ್ದಾರೆ' ಎಂದು ಬಾಗಿಲಿಗೆ ಚೀಟಿ ಅಂಟಿಸಿತ್ತು. ಪಕ್ಕದ ದರ್ಜಿ ಅರ್ಧ ಕಿಟಕಿ ತೆಗೆದು, "ಮಾಹಿತಿಗಾಗಿ ಅಂತ ಏನೋ ಪ್ರತಿ ಬಂತಂತೆ ಸಾರ್. ಮೇಲಿನೋರು ನನ್ನೇ ಹಿಡಿಯೋಕೆ ಬರ್ತಿದ್ದಾರೆ ಅಂತ ಅವರು ಮೂರು ದಿನದ ಹಿಂದೇನೇ ಹೋದ್ರು" ಎಂದ. ಹೇಳುತ್ತ ಹೇಳುತ್ತ ಅವನ ಕಣ್ಣು ಗಾಡಿಯ ಮೇಲೆ ಬಿತ್ತು. ಅಳತೆ ಟೇಪನ್ನು ಮೆಲ್ಲಗೆ ಕೊರಳಿನಿಂದ ತೆಗೆದು ಬೆನ್ನ ಹಿಂದೆ ಇಟ್ಟುಕೊಂಡು ಕಿಟಕಿ ಮುಚ್ಚಿದ.

ಗಾಡಿ ಊರಿನ ಚೌಕದಲ್ಲಿ ನಿಂತಿತು. ಸುತ್ತ ಮೂರು ಹೋಟೆಲು, ಮೂರಕ್ಕೂ ಷಟರ್ ಎಳೆದಿತ್ತು. ಪ್ರತಿ ಷಟರಿನ ಕೆಳಗೂ ನಾಲ್ಕು ಬೆರಳು ಸಂದಿ. ಪ್ರತಿ ಸಂದಿಯಲ್ಲೂ ಒಂದೆರಡು ಕಣ್ಣು. ಎದುರಿಗೇ ಬಸ್ ಸ್ಟ್ಯಾಂಡ್. ಹೆಂಡತಿಯ ಅಕ್ಕನ ಊರಿನ ಬಸ್ಸು ಎಂಜಿನ್ ಆರಿಸಿ, ಜನ ತುಂಬುವುದನ್ನು ಕಾಯುತ್ತಿತ್ತು.

ಇಡೀ ಚೌಕದಲ್ಲಿ ವ್ಯಾಪಾರಕ್ಕೆ ಕೂತಿದ್ದವಳು ಒಬ್ಬಳೇ ಮುದುಕಿ. ಗೋಣಿಚೀಲ ಹಾಸಿ ಆಲೂಗಡ್ಡೆ, ಈರುಳ್ಳಿ, ಸೌತೆಕಾಯಿಗಳನ್ನು ಗುಡ್ಡೆ ಗುಡ್ಡೆಯಾಗಿ ಇಟ್ಟುಕೊಂಡಿದ್ದಳು.

"ನಿಮಗೆ ಹೆದರಿಕೆ ಇಲ್ವಾ ಅಜ್ಜಿ?" ಎಂದು ಭಾಮೈದ ಕೇಳಿದ.

"ಏನಕ್ಕಪ್ಪಾ? ನಂದು ಗುಡ್ಡೆ ಲೆಕ್ಕ. ತಕ್ಕಡೀನೇ ಇಲ್ಲ. ಇಲ್ಲದ್ದನ್ನ ಅದ್ಹೆಂಗೆ ಹಿಡೀತಾನೆ ನಿಮ್ಮ ಸಾಹೇಬ?"

ಭಾಮೈದ ಎರಡು ಗುಡ್ಡೆ ಆಲೂಗಡ್ಡೆ, ಒಂದು ಗುಡ್ಡೆ ಈರುಳ್ಳಿ ತಂದು ಗಾಡಿಯ ಮೆಟ್ಟಿಲ ಮೇಲೆ ಸುರಿದ. ಅಜ್ಜಿ ತಾನು ಸೌತೆಕಾಯಿಗೆ ಇಟ್ಟುಕೊಂಡಿದ್ದ ಉಪ್ಪಿನ ಪೊಟ್ಟಣವನ್ನೂ ಕೊಟ್ಟಳು. ನಾಲ್ವರೂ ಆಲೂಗಡ್ಡೆಯನ್ನು ನೋಡಿದರು. ಆಮೇಲೆ ಮೂವರು ನಾಲ್ಕನೆಯವಳನ್ನು ನೋಡಿದರು.

ಹೆಂಡತಿ ಎದ್ದಳು. ಕೈಚೀಲ ಹೆಗಲಿಗೆ ಹಾಕಿಕೊಂಡಳು.

"ಹಚ್ಚಲಾ?" ಎಂದಳು. "ಹಚ್ಚು ಅನ್ನಿ, ಹಚ್ತೀನಿ. ನಾಲ್ಕು ಜನಕ್ಕೂ ಬೇಯಿಸಿ, ಬಡಿಸಿ, ಪಾತ್ರೆ ತೊಳೆದು, ಆ ಬಸ್ ಹತ್ತುತ್ತೀನಿ. ಬಾಯಿ ಬಿಟ್ಟು ಹೇಳಿ."

"ಬಿಡೇ, ನಾನೇ ಬೇಯಿಸ್ತೀನಿ" ಎಂದು ಅತ್ತೆಯವರು ಮಂಡಿ ಹಿಡಿದುಕೊಂಡು ಏಳಹೊರಟರು.

"ಅಮ್ಮಾ, ನೀನು ಕೂತ್ಕೋ. ನಲವತ್ತು ವರ್ಷ ನೀನೂ ಬೇಯಿಸಿದ್ದು ಸಾಕು."

ಪಟ್ಟಿಯಪ್ಪನವರು ಭಾಮೈದನನ್ನು ನೋಡಿದರು. "ನನಗೆ ಬರೋದು ಆಯಿಲ್ ಬದಲಾಯಿಸೋದು ಮಾತ್ರ ಭಾವ" ಎಂದು ಅವನು ಟೈರಿನಲ್ಲಿ ಗಾಳಿ ನೋಡಲು ಹೋದ.

ಬಸ್ಸಿನವನು ಹಾರ್ನ್ ಹೊಡೆದ. ಪಟ್ಟಿಯಪ್ಪನವರು ಯೋಜನೆಯ ಪುಸ್ತಕದ ಇಪ್ಪತ್ತೇಳು ಪುಟಗಳನ್ನು ಒಮ್ಮೆ ತಿರುವಿ ಹಾಕಿದರು. ಈ ಸಂದರ್ಭಕ್ಕೆ ಯಾವ ಪುಟವೂ ಇರಲಿಲ್ಲ. ಪುಸ್ತಕವನ್ನು ಮುಚ್ಚಿ, ಅಂಗಿಯ ತೋಳು ಮಡಿಸಿ, ಬೆಂಕಿಪೊಟ್ಟಣ ಎತ್ತಿಕೊಂಡು, ಅಧಿಕಾರ ವಹಿಸಿಕೊಳ್ಳುವವರ ಹಾಗೆ ಅಡುಗೆಮನೆಗೆ ಹೋದರು. ಹೆಂಡತಿ ಕೈಚೀಲ ಹೆಗಲಿನಲ್ಲೇ ಇಟ್ಟುಕೊಂಡು, ತೆರೆದ ಬಾಗಿಲ ಪಕ್ಕದ ಮೆತ್ತೆಯ ಮೇಲೆ ಮತ್ತೆ ಕೂತಳು.

"ಸರಿಯಪ್ಪ, ಆಲೂಗಡ್ಡೆ ತಾನೇ" ಎಂಬ ಮಾತು ಒಳಗಿನಿಂದ ಕೇಳಿಸಿತು. ಆ ದನಿಯಲ್ಲಿ ಅಳುಕಿರಲಿಲ್ಲ. ಆಲೂಗಡ್ಡೆಯ ಪರಿಚಯವಿಲ್ಲದವರಿಗೆ ಮಾತ್ರ ಬರುವ ಧೈರ್ಯ ಅದು.

ಆರನೆಯ ಕಡ್ಡಿಗೆ ಒಲೆ ಹತ್ತಿತು. ಈರುಳ್ಳಿ ಹೆಚ್ಚುವಾಗ ಅವರು ಕಚೇರಿಯಲ್ಲಿ ಬಡ್ತಿ ತಪ್ಪಿದ ದಿನಕ್ಕಿಂತ ಹೆಚ್ಚು ಅತ್ತರು. ಪಾತ್ರೆಗೆ ಆಲೂಗಡ್ಡೆ ಹಾಕಿ ನೀರು ಎಷ್ಟೆಂದು ಹೆಂಡತಿಯನ್ನು ಕೇಳಲು ಬಾಗಿಲ ತನಕ ಬಂದರು. ಕೇಳಿದರೆ ಅದು ಅಡುಗೆಯಲ್ಲಿ ಭಾಗವಹಿಸಿದಂತಾಗುತ್ತದೋ ಏನೋ ಎಂದು ಹೆದರಿ ವಾಪಸು ಹೋದರು. ಒಂದು ಲೋಟ ಹಾಕಿದರು. ನೀರು ಬೇಗನೆ ಆರಿತು. ಮೊದಲು ಬಿಳಿ ಹೊಗೆ ಬಂತು, ಆಮೇಲೆ ನೀಲಿ, ಆಮೇಲೆ ಕಪ್ಪು. ಗಾಡಿಯ ಚಾವಣಿಯ ಕಿಂಡಿಯಿಂದ ಅದು ಎದ್ದು, ಚೌಕ ದಾಟಿ, ಮೂರೂ ಷಟರುಗಳ ಸಂದಿಯೊಳಗೆ ನುಗ್ಗಿತು.

ಒಳಗೆ ಯಾರೋ ಕೆಮ್ಮಿದರು. ನಡುವಿನ ಷಟರು ಒಂದು ಮೊಳ ಮೇಲೆದ್ದಿತು. ಬಗ್ಗಿ ನೋಡಿದವನು ಆ ಹೋಟೆಲಿನ ಭಟ್ಟ, ಮೂವತ್ತು ವರ್ಷ ಒಲೆಯ ಮುಂದೆ ಬೆಂದವನು. ಮೂಗು ಮುಚ್ಚಿಕೊಂಡು ಮಾಲೀಕನನ್ನು ಕರೆದ.

"ಇಲ್ಲಿ ನೋಡಿ. ಹೆಂಗಸು ಕೂತಿದ್ದಾಳೆ. ಸಾಹೇಬ ಒಲೆ ಮುಂದೆ ಕಣ್ಣೊರೆಸ್ಕೊಳ್ತಿದ್ದಾನೆ."

"ತಪಾಸಣೆ ಸಾಹೇಬ ತಾನೇ ಯಾಕೋ ಬೇಯಿಸ್ತಾನೆ?"

"ಅದೇ ಹೇಳ್ತಿರೋದು. ಬೇಯಿಸ್ತಿಲ್ಲ, ಸುಡ್ತಿದ್ದಾನೆ. ಆಕೆ ಏಳ್ತಿಲ್ಲ. ಇವನು ಯಾವ ಸಾಹೇಬನೂ ಅಲ್ಲ ಕಣ್ರೀ. ಯಾರದೋ ಗಂಡ, ಅಷ್ಟೇ."

ಮಾಲೀಕ ಬಗ್ಗಿ ಬಹಳ ಹೊತ್ತು ನೋಡಿದ. ಅವನೂ ಯಾರದೋ ಗಂಡ. ಅವನ ಮುಖದ ಗಂಟು ಸಡಿಲವಾಯಿತು. ಷಟರು ಗಡಗಡ ಎಂದು ಪೂರ್ತಿ ಮೇಲಕ್ಕೆ ಹೋಯಿತು. ಅದನ್ನು ಕಂಡು ಎಡಗಡೆಯದು, ಆಮೇಲೆ ಬಲಗಡೆಯದು. ಫೋನುಗಳು ಗುಂಯ್‌ಗುಟ್ಟಿದವು. ದರ್ಜಿ ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡ.

ಮಾಲೀಕ ಗಾಡಿಯ ಬಾಗಿಲಿಗೇ ಬಂದ. "ತಪ್ಪು ತಿಳ್ಕೋಬೇಡಿ ಸಾರ್. ಬನ್ನಿ, ಬಿಸಿ ಊಟ ಇದೆ. ಅದನ್ನ ದಯವಿಟ್ಟು ಆರಿಸಿಬಿಡಿ. ಊರಿನ ಮಕ್ಕಳು ಮರಿ ಕೆಮ್ಮುತ್ತಿದ್ದಾರೆ."

ಅವನ ಮಾತು ಮುಗಿಯುವ ಮುಂಚೆ ಭಾಮೈದ ಹೋಟೆಲಿನೊಳಗಿದ್ದ. ಅತ್ತೆಯವರ ಮಂಡಿನೋವು ಎಲ್ಲಿ ಹೋಯಿತೋ, ಅವನ ಹಿಂದೆಯೇ ಇದ್ದರು. ಪಟ್ಟಿಯಪ್ಪನವರು ಒಲೆ ಆರಿಸಿ, ಮುಖದ ಮಸಿ ಒರೆಸಿಕೊಂಡು, ಗೆದ್ದವರ ನಗೆ ನಕ್ಕರು.

"ನೋಡಿದೆಯಾ? ಮೂರೂ ತೆಗೆದ್ರು. ಒಲೆ ಹಚ್ಚಿದ್ದು ನೀನಲ್ಲ. ನಡಿ ಊಟಕ್ಕೆ."

ಹೆಂಡತಿ ಏಳಲಿಲ್ಲ. ಕೈಚೀಲವನ್ನು ಹೆಗಲಿನಿಂದ ತೆಗೆದು ಪಕ್ಕಕ್ಕಿಟ್ಟಳು. ಎದುರಿನ ಬಸ್ಸು ಹೊರಟುಹೋಯಿತು. ಅವಳು ಅದರ ಕಡೆ ನೋಡಲೂ ಇಲ್ಲ. ಕಾಲನ್ನು ಎದುರಿನ ಮೆತ್ತೆಯ ಮೇಲೆ ಚಾಚಿ, ತಟ್ಟೆಯೊಂದನ್ನು ಮಡಿಲಲ್ಲಿಟ್ಟುಕೊಂಡಳು.

"ನೀವು ಮಾಡಿದ್ದು ಹಾಕಿ."

"ಅದು ಸ್ವಲ್ಪ... ಅದರಲ್ಲಿ ಮೇಲ್ಭಾಗ ಪರವಾಗಿಲ್ಲ, ಕೆಳಭಾಗ ವಿಚಾರಣೆಯಲ್ಲಿದೆ."

"ಮೇಲಿಂದೇ ಹಾಕಿ."

ಹಾಕಿದರು. ಅವಳು ಒಂದು ತುತ್ತು ತಿಂದಳು. ಪಟ್ಟಿಯಪ್ಪನವರು ಸೌಟು ಹಿಡಿದು, ಸಾಹೇಬರು ಕಡತ ಓದುವಾಗ ನಿಲ್ಲುತ್ತಿದ್ದಂತೆ ನಿಂತರು.

"ಒಂದು ಕಡೆ ಹಸಿ, ಒಂದು ಕಡೆ ಇದ್ದಿಲು. ಉಪ್ಪು ಮೂರು ಜನದ್ದು ಇದರಲ್ಲೇ ಇದೆ" ಎಂದಳು. ಇನ್ನೊಂದು ತುತ್ತು ತಿಂದಳು. "ಆದ್ರೆ ಬಿಸಿ ಇದೆ. ಎಲ್ಲರಿಗೂ ಬಡಿಸಿ ನಾನು ಕೂರೋ ಹೊತ್ತಿಗೆ ಎಲ್ಲ ಆರಿರ್ತಿತ್ತು. ಬಿಸಿ ತಿಂದರೆ ಹೆಂಗಿರುತ್ತೆ ಅಂತ ಮರೆತೇಹೋಗಿತ್ತು ನೋಡಿ."

ಪಟ್ಟಿಯಪ್ಪನವರಿಗೂ ಹೊಟ್ಟೆ ಹಸಿದಿತ್ತು. ಎದುರಿನ ಹೋಟೆಲಿನಿಂದ ಭಾಮೈದ ಬಾಯ್ತುಂಬ ಏನೋ ಅಗಿಯುತ್ತ, ಬನ್ನಿ ಎಂದು ಕೈಬೀಸುತ್ತಿದ್ದ. ಅವರು ಸೌಟನ್ನು ಮೆಲ್ಲಗೆ ಕೆಳಗಿಟ್ಟು, ಅವಳ ಪಕ್ಕದ ಮೆತ್ತೆಯ ತುದಿಯಲ್ಲಿ ಅರ್ಧ ಕೂತರು.

"ಏಳಿ, ಏಳಿ" ಎಂದಳು ಹೆಂಡತಿ, ಖಾಲಿ ತಟ್ಟೆ ಚಾಚಿ. "ಬಡಿಸೋರು ಮಧ್ಯದಲ್ಲಿ ಕೂತ್ಕೊಂಡ್ರೆ ಹೆಂಗೆ? ಇನ್ನೊಂದು ಸೌಟು ಹಾಕಿ."